ಪೀಣ್ಯದ ಮನೆಯಂಗಳದಲ್ಲಿ ಪರಂಗಿ ಬೇಸಾಯ

ಪರಂಗಿ ಅಥವಾ ಪಪ್ಪಾಯಿ ಕೇರಿಕೇಸಿ ಕುಟುಂಬಕ್ಕೆ ಸೇರಿದ, ಬೇಗ ಬೆಳೆದು ಬೇಗ ಫಲ ಕೊಡುವ ಹಣ್ಣಿನ ಗಿಡವಾಗಿದೆ. ಇದರ ಸಸ್ಯಶಾಸ್ತ್ರೀಯ ಹೆಸರು ಕ್ಯಾರಿಕ ಪಪಾಯ. ನೆಟ್ಟ ಒಂಬತ್ತು–ಹತ್ತು ತಿಂಗಳಲ್ಲಿ ಹಣ್ಣು ಕೊಡುವುದರಿಂದ, ಹೆಚ್ಚು ಜಾಗ ಬೇಡದಿರುವುದರಿಂದ ಮತ್ತು ವರ್ಷದ ಬಹುಕಾಲ ಕಾಯಿ ಬಿಡುವುದರಿಂದ ಬೆಂಗಳೂರಿನ ಮನೆಯಂಗಳಗಳಲ್ಲಿ ಇದು ಸಾಮಾನ್ಯವಾಗಿ ಕಾಣುವ ಗಿಡವಾಗಿದೆ. ನಗರದ ವಾಯವ್ಯ ಭಾಗದಲ್ಲಿರುವ ಪೀಣ್ಯ ಕೈಗಾರಿಕಾ ಪ್ರದೇಶ ಮತ್ತು ಅದರ ಸುತ್ತಲಿನ ದಾಸರಹಳ್ಳಿ, ಚೊಕ್ಕಸಂದ್ರ, ಹೆಗ್ಗನಹಳ್ಳಿ, ಲಗ್ಗೆರೆ ಮುಂತಾದ ವಸತಿ ಬಡಾವಣೆಗಳ ಚಿಕ್ಕ ನಿವೇಶನಗಳಲ್ಲಿಯೂ ಪರಂಗಿಯನ್ನು ಬೆಳೆಸಲಾಗುತ್ತದೆ.

ಒಂದೆರಡು ಗಿಡಗಳಿಗೆ ಮಾತ್ರ ಸ್ಥಳವಿರುವ ಇಂತಹ ಅಂಗಳದಲ್ಲಿ ಬೇಸಾಯದ ಯಶಸ್ಸು ಮುಖ್ಯವಾಗಿ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಗಿಡದ ಲಿಂಗ, ಬುಡದಲ್ಲಿ ನೀರು ನಿಲ್ಲದಿರುವುದು, ನಂಜುರೋಗದಿಂದ ರಕ್ಷಣೆ ಹಾಗೂ ಮಣ್ಣು ಮತ್ತು ನೀರಿನ ಶುದ್ಧತೆ. ಕೊನೆಯ ಸಂಗತಿಯು ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ವಿಶೇಷ ಮಹತ್ವ ಪಡೆಯುತ್ತದೆ.

## ಹೆಸರು

ಹಳೆಯ ಮೈಸೂರು ಪ್ರಾಂತ್ಯದಲ್ಲಿ ಈ ಹಣ್ಣಿಗೆ ಪರಂಗಿ ಹಣ್ಣು ಎಂಬ ಹೆಸರು ರೂಢಿಯಲ್ಲಿದೆ. ಪರಂಗಿ ಎಂಬ ಪದವು ಯುರೋಪಿಯನ್ನರನ್ನು ಸೂಚಿಸುವ ಫರಂಗಿ ಎಂಬ ಪದದಿಂದ ಬಂದಿದೆ. ಹೊರದೇಶದಿಂದ ಬಂದ ಹಣ್ಣು ಎಂಬ ಅರ್ಥ ಆ ಹೆಸರಿನಲ್ಲಿಯೇ ಉಳಿದುಕೊಂಡಿದೆ. ಪಪ್ಪಾಯಿ ಎಂಬ ಹೆಸರು ರಾಜ್ಯದ ಎಲ್ಲೆಡೆ ಬಳಕೆಯಲ್ಲಿದ್ದು, ಕರಾವಳಿಯಲ್ಲಿ ಪಪ್ಪಂಗಾಯಿ, ಬಪ್ಪಂಗಾಯಿ ಎಂಬ ರೂಪಗಳಿವೆ.

ಇಂಗ್ಲಿಷಿನ ‘ಪಾಪಾ’ ಎಂಬ ಹೆಸರು ಗೊಂದಲಕ್ಕೆ ಎಡೆಮಾಡುತ್ತದೆ. ಆಸ್ಟ್ರೇಲಿಯ ಮತ್ತು ಆಫ್ರಿಕದ ಕೆಲವು ದೇಶಗಳಲ್ಲಿ ಆ ಹೆಸರು ಪರಂಗಿಗೆ ಸಲ್ಲುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅದೇ ಹೆಸರು ಅಸಿಮಿನ ಟ್ರೈಲೋಬ ಎಂಬ ಬೇರೆಯೇ ಮರಕ್ಕೆ ಸಲ್ಲುತ್ತದೆ. ಆ ಮರ ಸೀತಾಫಲ, ರಾಮಫಲಗಳ ಕುಟುಂಬಕ್ಕೆ ಸೇರಿದ್ದು, ಚಳಿಗಾಲದಲ್ಲಿ ಎಲೆ ಉದುರಿಸಿ ಕೆಲವು ವಾರಗಳ ತೀವ್ರ ಚಳಿಯನ್ನು ಪಡೆದ ಬಳಿಕವೇ ಸರಿಯಾಗಿ ಚಿಗುರಿ ಹೂ ಬಿಡುತ್ತದೆ. ಅಂತಹ ಚಳಿ ಬೆಂಗಳೂರಿನಲ್ಲಿ ಇಲ್ಲ. ಆದ್ದರಿಂದ ಈ ಲೇಖನದ ವಿಷಯ ಪರಂಗಿ ಮಾತ್ರ.

## ಮೂಲ ಮತ್ತು ಪ್ರಸಾರ

ಪರಂಗಿಯ ತವರು ದಕ್ಷಿಣ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ನಾವಿಕರು ಇದನ್ನು ಏಷ್ಯಕ್ಕೆ ತಂದರು. 16ನೆಯ ಶತಮಾನದಲ್ಲಿ ಇದು ಭಾರತವನ್ನು ತಲುಪಿತು. ಒಣಗಿಸಿದ ಬೀಜವನ್ನು ಹಡಗಿನಲ್ಲಿ ಸುಲಭವಾಗಿ ಸಾಗಿಸಲು ಸಾಧ್ಯವಾದುದು ಈ ಶೀಘ್ರ ಪ್ರಸಾರಕ್ಕೆ ನೆರವಾಯಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಪರಂಗಿ ಬೆಳೆಯುವ ದೇಶ ಭಾರತವಾಗಿದೆ.

ಪೀಣ್ಯದಿಂದ ದೂರವಲ್ಲದ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಈ ಸಂಸ್ಥೆ ಮತ್ತು ಕೊಡಗಿನ ಚೆಟ್ಟಳ್ಳಿಯಲ್ಲಿರುವ ಅದರ ಪ್ರಯೋಗ ಕೇಂದ್ರ ಪರಂಗಿ ತಳಿ ಅಭಿವೃದ್ಧಿಯಲ್ಲಿ ಗಮನಾರ್ಹ ಕೆಲಸ ಮಾಡಿವೆ.

## ಸಸ್ಯದ ಲಕ್ಷಣಗಳು

ಪರಂಗಿ ಮರದಂತೆ ಕಂಡರೂ ನಿಜವಾದ ಅರ್ಥದಲ್ಲಿ ಮರವಲ್ಲ. ಇದರ ಕಾಂಡ ಟೊಳ್ಳಾಗಿದ್ದು, ಗಟ್ಟಿಯಾದ ಚೇಗು ಇರುವುದಿಲ್ಲ. ಸಾಮಾನ್ಯವಾಗಿ ಕೊಂಬೆಯೊಡೆಯದೆ ನೇರವಾಗಿ ಬೆಳೆಯುತ್ತದೆ. ತುದಿಯಲ್ಲಿ ಉದ್ದ ತೊಟ್ಟಿನ, ಹಸ್ತಾಕಾರದ ದೊಡ್ಡ ಎಲೆಗಳು ಕೊಡೆಯಂತೆ ಹರಡಿರುತ್ತವೆ. ಉದುರಿದ ಎಲೆಗಳ ಗುರುತು ಕಾಂಡದ ಮೇಲೆ ಉಳಿಯುತ್ತದೆ. ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲಿಯೇ ಹರಡುತ್ತವೆ. ಟೊಳ್ಳು ಕಾಂಡ, ಮೇಲ್ಮಟ್ಟದ ಬೇರು ಮತ್ತು ತುದಿಯಲ್ಲಿ ಕಾಯಿಗಳ ಭಾರ ಇವು ಮೂರೂ ಸೇರುವುದರಿಂದ ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಗಿಡ ಉರುಳುವ ಸಂಭವ ಹೆಚ್ಚು.

ಗಿಡದ ಎಲ್ಲ ಹಸಿರು ಭಾಗಗಳಲ್ಲಿಯೂ ಹಾಲಿನಂತಹ ಸೊನೆ ಇದೆ. ಅದರಲ್ಲಿರುವ ಪಪೇನ್ ಎಂಬ ಕಿಣ್ವ ಪ್ರೋಟೀನನ್ನು ಒಡೆಯುವ ಗುಣ ಹೊಂದಿದೆ. ಸಸ್ಯ ವರ್ಗೀಕರಣದಲ್ಲಿ ಪರಂಗಿಯು ಸಾಸಿವೆ, ಎಲೆಕೋಸು ಮತ್ತು ನುಗ್ಗೆಗಳಿರುವ ಗಣಕ್ಕೇ ಸೇರುತ್ತದೆ. ಅದರ ಬೀಜವನ್ನು ಕಚ್ಚಿದಾಗ ಬರುವ ಸಾಸಿವೆಯಂತಹ ಖಾರಕ್ಕೆ ಈ ನಂಟೇ ಕಾರಣ.

## ಲಿಂಗಭೇದ

ಮಾವು, ಸೀಬೆಗಳಲ್ಲಿ ಇಲ್ಲದ ಒಂದು ತೊಡಕು ಪರಂಗಿಯಲ್ಲಿದೆ. ಇದರಲ್ಲಿ ಗಂಡು, ಹೆಣ್ಣು ಮತ್ತು ದ್ವಿಲಿಂಗಿ ಎಂಬ ಮೂರು ಬಗೆಯ ಗಿಡಗಳಿವೆ. ಸಸಿಯಾಗಿರುವಾಗ ನೋಟದಿಂದ ಇವುಗಳನ್ನು ಗುರುತಿಸಲು ಸಾಧ್ಯವಿಲ್ಲ. ನೆಟ್ಟ ಸುಮಾರು ನಾಲ್ಕೈದು ತಿಂಗಳಲ್ಲಿ ಹೂ ಬಂದಾಗ ಮಾತ್ರ ಲಿಂಗ ತಿಳಿಯುತ್ತದೆ.

* ಗಂಡು ಗಿಡ: ಉದ್ದವಾದ, ಜೋಲುವ, ಕವಲೊಡೆದ ತೊಟ್ಟುಗಳ ಮೇಲೆ ಸಣ್ಣ ಕೊಳವೆಯಾಕಾರದ ಹೂಗಳು ಗೊಂಚಲಾಗಿ ಬಿಡುತ್ತವೆ. ಇವು ಪರಾಗ ಕೊಡುತ್ತವೆಯೇ ಹೊರತು ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ.
* ಹೆಣ್ಣು ಗಿಡ: ಎಲೆಯ ಕಂಕುಳಲ್ಲಿ, ಕಾಂಡಕ್ಕೆ ಅಂಟಿಕೊಂಡಂತೆ ದೊಡ್ಡ ಹೂಗಳು ಬಿಡುತ್ತವೆ. ಎಸಳುಗಳು ಬುಡದವರೆಗೂ ಬಿಡಿಬಿಡಿಯಾಗಿದ್ದು, ಒಳಗೆ ದುಂಡನೆಯ ಅಂಡಾಶಯವಿರುತ್ತದೆ. ಕೇಸರಗಳಿರುವುದಿಲ್ಲ. ಕಾಯಿ ದುಂಡಗೆ, ಒಳಗಿನ ಪೊಳ್ಳು ದೊಡ್ಡದಾಗಿ ಇರುತ್ತದೆ.
* ದ್ವಿಲಿಂಗಿ ಗಿಡ: ಹೂವು ಕಾಂಡದ ಸಮೀಪವೇ ಇದ್ದು, ಎಸಳುಗಳು ಕೆಳಭಾಗದಲ್ಲಿ ಕೂಡಿಕೊಂಡಿರುತ್ತವೆ. ನೀಳವಾದ ಅಂಡಾಶಯದ ಸುತ್ತ ಕೇಸರಗಳೂ ಇರುತ್ತವೆ. ಬೇರೆ ಗಿಡದ ನೆರವಿಲ್ಲದೆ ಕಾಯಿ ಕಟ್ಟುತ್ತದೆ. ಕಾಯಿ ನೀಳವಾಗಿದ್ದು ತಿರುಳು ದಪ್ಪವಾಗಿರುತ್ತದೆ.

ತಳಿಗಳನ್ನು ಇದರ ಆಧಾರದ ಮೇಲೆ ಎರಡಾಗಿ ವಿಂಗಡಿಸಲಾಗಿದೆ. ಗಂಡು ಮತ್ತು ಹೆಣ್ಣು ಗಿಡಗಳು ಬೇರೆ ಬೇರೆಯಾಗಿ ಹುಟ್ಟುವ ತಳಿಗಳಲ್ಲಿ ಇವೆರಡೂ ಸರಿಸುಮಾರು ಸಮ ಪ್ರಮಾಣದಲ್ಲಿರುತ್ತವೆ. ತೋಟಗಳಲ್ಲಿ ಹತ್ತು ಹೆಣ್ಣು ಗಿಡಗಳಿಗೆ ಒಂದು ಗಂಡು ಗಿಡವನ್ನು ಉಳಿಸಿ ಉಳಿದ ಗಂಡು ಗಿಡಗಳನ್ನು ತೆಗೆಯುತ್ತಾರೆ. ಎರಡನೆಯ ಬಗೆಯ ತಳಿಗಳಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳು ಮಾತ್ರ ಹುಟ್ಟುತ್ತವೆ. ದ್ವಿಲಿಂಗಿ ಹೂವಿಗೆ ಅದರದೇ ಪರಾಗ ಸೇರಿ ಬಂದ ಬೀಜದಲ್ಲಿ ಮೂರರಲ್ಲಿ ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು ಎಂಬ ಅನುಪಾತವಿರುತ್ತದೆ.

ಈ ಲೆಕ್ಕ ಚಿಕ್ಕ ಅಂಗಳಕ್ಕೆ ನೇರವಾಗಿ ಉಪಯೋಗವಾಗುತ್ತದೆ. ಎರಡನೆಯ ಬಗೆಯ ತಳಿಯ ಒಂದೇ ಸಸಿ ನೆಟ್ಟರೆ ಅದು ದ್ವಿಲಿಂಗಿಯಾಗದಿರುವ ಸಂಭವ ಮೂರರಲ್ಲಿ ಒಂದು. ಒಂದೇ ಗುಣಿಯಲ್ಲಿ ಎರಡು ಸಸಿ ನೆಟ್ಟರೆ ಎರಡೂ ದ್ವಿಲಿಂಗಿಯಾಗದಿರುವ ಸಂಭವ ಒಂಬತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಮೂರು ಸಸಿ ನೆಟ್ಟರೆ ಅದು ಇಪ್ಪತ್ತೇಳರಲ್ಲಿ ಒಂದು ಮಾತ್ರ. ಆದ್ದರಿಂದ ಒಂದು ಗುಣಿಗೆ ಎರಡು–ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಆರೋಗ್ಯವಂತ ದ್ವಿಲಿಂಗಿ ಗಿಡವೊಂದನ್ನು ಉಳಿಸಿ ಉಳಿದವನ್ನು ಬುಡಕ್ಕೆ ಕತ್ತರಿಸುವುದು ರೂಢಿ. ಬೇರಿನೊಡನೆ ಕಿತ್ತರೆ ಉಳಿಯಬೇಕಾದ ಗಿಡದ ಬೇರಿಗೂ ಪೆಟ್ಟಾಗುತ್ತದೆ. ಒಂಟಿಯಾದ ಹೆಣ್ಣು ಗಿಡಕ್ಕೆ ಹತ್ತಿರದಲ್ಲಿ ಪರಾಗ ಸಿಗದಿದ್ದರೆ ಹೂಗಳು ಉದುರುತ್ತವೆ ಅಥವಾ ಬೀಜವಿಲ್ಲದ ಸಣ್ಣ ಕಾಯಿಗಳಾಗುತ್ತವೆ.

ಗಂಡು ಗಿಡದ ಕಾಂಡಕ್ಕೆ ಮೊಳೆ ಹೊಡೆದರೆ ಅದು ಕಾಯಿ ಬಿಡುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಕೆಲವು ಗಂಡು ಗಿಡಗಳು ಹವಾಮಾನ ಬದಲಾದಾಗ ತಾವಾಗಿಯೇ ಉದ್ದ ತೊಟ್ಟಿನಲ್ಲಿ ಒಂದೆರಡು ಕಾಯಿ ಬಿಡುವುದುಂಟು. ಮೊಳೆ ಹೊಡೆದ ಬಳಿಕ ಹಾಗಾದಾಗ ಅದು ಮೊಳೆಯ ಫಲವೆಂದು ತೋರುತ್ತದೆ. ಮೊಳೆಯ ಗಾಯದಿಂದ ಕೊಳೆರೋಗ ಒಳಸೇರುವ ಅಪಾಯವೂ ಇದೆ.

## ತಳಿಗಳು

* ಕೂರ್ಗ್ ಹನಿ ಡ್ಯೂ: ಚೆಟ್ಟಳ್ಳಿ ಕೇಂದ್ರದಲ್ಲಿ ಹನಿ ಡ್ಯೂ ತಳಿಯಿಂದ ಆಯ್ದು ಬೆಳೆಸಿದ ತಳಿ. ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳು ಮಾತ್ರ ಇರುತ್ತವೆ. ಹಣ್ಣು ದೊಡ್ಡದು.
* ಅರ್ಕಾ ಸೂರ್ಯ (ಸೂರ್ಯ): ಹೆಸರಘಟ್ಟದ ಸಂಸ್ಥೆಯು ಸನ್‌ರೈಸ್ ಸೋಲೊ ಮತ್ತು ಪಿಂಕ್ ಫ್ಲೆಶ್ ಸ್ವೀಟ್ ತಳಿಗಳ ಸಂಕರದಿಂದ ಪಡೆದದ್ದು. ಹಣ್ಣಿನ ತೂಕ 600ರಿಂದ 800 ಗ್ರಾಂ, ತಿರುಳು ಕೆಂಪು. ಚಿಕ್ಕ ಕುಟುಂಬಕ್ಕೆ ಒಂದು ಹೊತ್ತಿಗೆ ಸಾಕಾಗುವ ಗಾತ್ರ.
* ಅರ್ಕಾ ಪ್ರಭಾತ್: ಅದೇ ಸಂಸ್ಥೆಯ ಇನ್ನೊಂದು ಸಂಕರ ತಳಿ. ಹಣ್ಣು 900ರಿಂದ 1200 ಗ್ರಾಂ ತೂಗುತ್ತದೆ. ಗಿಡ ಕಡಿಮೆ ಎತ್ತರದಲ್ಲಿಯೇ ಕಾಯಿ ಬಿಡಲಾರಂಭಿಸುತ್ತದೆ.
* ರೆಡ್ ಲೇಡಿ: ತೈವಾನ್ ಮೂಲದ ಸಂಕರ ತಳಿ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವ ಕೆಂಪು ತಿರುಳಿನ ಹಣ್ಣು ಇದರದು. ಇದು ಸಂಕರ ತಳಿಯಾದ್ದರಿಂದ ಅಂಗಡಿಯ ಹಣ್ಣಿನ ಬೀಜ ಬಿತ್ತಿದರೆ ತಾಯಿ ಗಿಡದ ಗುಣಗಳು ಹಾಗೆಯೇ ಬರುವುದಿಲ್ಲ.
* ಪೂಸಾ ನನ್ಹಾ: ಗಾಮಾ ಕಿರಣಗಳ ಬಳಕೆಯಿಂದ ಪಡೆದ ಕುಳ್ಳ ತಳಿ. ನೆಲದಿಂದ ಒಂದು ಅಡಿ ಎತ್ತರದಿಂದಲೇ ಕಾಯಿ ಕಟ್ಟುವುದರಿಂದ ಕೈತೋಟ ಮತ್ತು ಕುಂಡಗಳಿಗೆ ಒಗ್ಗುತ್ತದೆ. ಆದರೆ ಇದರಲ್ಲಿ ಗಂಡು, ಹೆಣ್ಣು ಗಿಡಗಳು ಬೇರೆಯಾಗಿರುವುದರಿಂದ ಒಂದಕ್ಕಿಂತ ಹೆಚ್ಚು ಗಿಡ ಬೇಕಾಗುತ್ತದೆ.

ಒಂದೆರಡು ಗಿಡಗಳಿಗಷ್ಟೇ ಜಾಗವಿರುವ ಮನೆಗಳಿಗೆ ಗಂಡು ಗಿಡಗಳಿಲ್ಲದ ತಳಿಗಳು ಹೆಚ್ಚು ಸೂಕ್ತ.

## ಹವಾಗುಣ

ಪರಂಗಿಗೆ 22ರಿಂದ 33 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತಕರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ವರ್ಷದ ಬಹುಭಾಗ ಈ ಮಿತಿಯೊಳಗೆ ಇರುತ್ತದೆ. ಡಿಸೆಂಬರ್–ಜನವರಿ ತಿಂಗಳ ತಂಪು ರಾತ್ರಿಗಳಲ್ಲಿ ಬೆಳವಣಿಗೆ ನಿಧಾನವಾಗುತ್ತದೆ ಮತ್ತು ಕಾಯಿ ಮಾಗಲು ಹೆಚ್ಚು ದಿನ ಹಿಡಿಯುತ್ತದೆ. ಚಳಿಯಲ್ಲಿ ದ್ವಿಲಿಂಗಿ ಹೂಗಳ ಕೇಸರಗಳು ಅಂಡಾಶಯಕ್ಕೆ ಕೂಡಿಕೊಂಡು ಸೊಟ್ಟ, ಗೀರುಬಿದ್ದ ಕಾಯಿಗಳಾಗುತ್ತವೆ. ಕಡುಬೇಸಿಗೆಯಲ್ಲಿ ಅದೇ ಗಿಡದ ಹೂಗಳಲ್ಲಿ ಅಂಡಾಶಯ ಬೆಳೆಯದೆ, ಅವು ಗಂಡು ಹೂಗಳಂತಾಗಿ ಉದುರುತ್ತವೆ. ಕಾಂಡದ ಮೇಲೆ ಅಲ್ಲಲ್ಲಿ ಕಾಯಿಯಿಲ್ಲದ ಖಾಲಿ ಜಾಗ ಕಾಣುವುದಕ್ಕೆ ಇದು ಮುಖ್ಯ ಕಾರಣ. ಇವೆರಡೂ ರೋಗಗಳಲ್ಲ, ಹವಾಮಾನ ಬದಲಾದಂತೆ ತಾವಾಗಿಯೇ ಸರಿಹೋಗುತ್ತವೆ.

ಗಿಡಕ್ಕೆ ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದಂತೆ ನೇರ ಬಿಸಿಲು ಬೇಕು. ಎರಡು ಎತ್ತರದ ಮನೆಗಳ ನಡುವಿನ ಸಂದಿಯಲ್ಲಿ ನೆಟ್ಟ ಗಿಡ ಬೆಳಕನ್ನು ಅರಸಿ ಎತ್ತರಕ್ಕೆ ಹೋಗುತ್ತದೆ. ಕಾಯಿ ಕಡಿಮೆಯಾಗಿ, ಹಣ್ಣಿನ ಸಿಹಿಯೂ ತಗ್ಗುತ್ತದೆ.

## ಮಣ್ಣು ಮತ್ತು ನೀರಿನ ಶುದ್ಧತೆ

ಬೆಂಗಳೂರಿನ ಸಹಜವಾದ ಕೆಂಪು ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುವುದರಿಂದ ಅದು ಪರಂಗಿಗೆ ಯೋಗ್ಯವಾಗಿದೆ. ಆದರೆ ನಿವೇಶನಗಳ ಮೇಲ್ಭಾಗದಲ್ಲಿ ಆ ಮಣ್ಣು ಉಳಿದಿರುವುದು ಅಪರೂಪ. ಮನೆ ಕಟ್ಟುವಾಗ ತುಂಬಿದ ಸಿಮೆಂಟು ಚೂರು, ಇಟ್ಟಿಗೆ ಪುಡಿ, ಜಲ್ಲಿ ಇತ್ಯಾದಿಗಳಿಂದ ಮಣ್ಣು ಕ್ಷಾರೀಯವಾಗುತ್ತದೆ. ಅಂತಹ ಕಡೆ ಕಬ್ಬಿಣ, ಸತು ಮುಂತಾದ ಪೋಷಕಾಂಶಗಳು ಗಿಡಕ್ಕೆ ದೊರೆಯದೆ ಎಲೆ ಹಳದಿಯಾಗುತ್ತದೆ.

ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದಿಂದ ಬೆಳೆದು ಬಂದದ್ದು. ಇಲ್ಲಿ ಯಂತ್ರಭಾಗ ತಯಾರಿಕೆ, ಲೋಹಲೇಪನ, ಬಣ್ಣ ಲೇಪನ ಮೊದಲಾದ ಸಾವಿರಾರು ಸಣ್ಣ ಘಟಕಗಳಿವೆ. ಲೋಹಲೇಪನದಲ್ಲಿ ಬಳಸುವ ಕ್ರೋಮಿಯಂ ನೆಲಕ್ಕೆ ಇಳಿದು, ಈ ಪ್ರದೇಶದ ಅಂತರ್ಜಲದಲ್ಲಿ ಕೆಲವೆಡೆ ಹೆಚ್ಚಿನ ಪ್ರಮಾಣದಲ್ಲಿ ಸೇರಿರುವುದು ಅಂತರ್ಜಲ ಅಧ್ಯಯನಗಳಿಂದ ತಿಳಿದುಬಂದಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಪ್ರಮಾಣ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ನಿಗದಿಪಡಿಸಿದೆ. ಕ್ರೋಮಿಯಂನ ಷಡ್ವೇಲೆನ್ಸಿ ರೂಪ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮನುಷ್ಯರಿಗೂ ಸಸ್ಯಗಳಿಗೂ ಹಾನಿಕರವಾಗಿದೆ. ಪ್ರಮಾಣ ಬಹಳ ಹೆಚ್ಚಿದ್ದಾಗ ನೀರಿಗೆ ಹಳದಿ ಛಾಯೆ ಬರುತ್ತದೆ. ಆದರೆ ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ಅದು ಶುದ್ಧವೆಂದು ಹೇಳಲಾಗದು. ಪ್ರಯೋಗಾಲಯದ ಪರೀಕ್ಷೆಯೊಂದೇ ಇದನ್ನು ತಿಳಿಯುವ ದಾರಿ.

ಸಸ್ಯಗಳು ಹೀರಿದ ಭಾರಲೋಹಗಳು ಸಾಮಾನ್ಯವಾಗಿ ಬೇರು ಮತ್ತು ಎಲೆಗಳಲ್ಲಿ ಹೆಚ್ಚಾಗಿಯೂ ಹಣ್ಣಿನಲ್ಲಿ ಕಡಿಮೆಯಾಗಿಯೂ ಸೇರುತ್ತವೆ. ಆದ್ದರಿಂದ ಸೊಪ್ಪಿನ ಬೆಳೆಗಳಿಗೆ ಹೋಲಿಸಿದರೆ ಹಣ್ಣಿನ ಗಿಡ ಕಡಿಮೆ ಅಪಾಯದ್ದು. ಆದರೂ ಕೈಗಾರಿಕಾ ಘಟಕಗಳ ಸಮೀಪದ ಮನೆಗಳಲ್ಲಿ ಕೆಳಗಿನ ಎಚ್ಚರಿಕೆಗಳು ಉಚಿತ:

* ಕೊಳವೆ ಬಾವಿಯ ನೀರನ್ನು ಗಿಡಕ್ಕೆ ಹಾಕುವ ಮೊದಲು ಕ್ರೋಮಿಯಂ, ಸೀಸ ಮತ್ತು ಲವಣಾಂಶಕ್ಕಾಗಿ ಪರೀಕ್ಷಿಸುವುದು.
* ಲೋಹದ ಪುಡಿ, ಎಣ್ಣೆಯ ಕಲೆ ಅಥವಾ ಕಾರ್ಖಾನೆಯ ತ್ಯಾಜ್ಯ ಬಿದ್ದ ಜಾಗದಲ್ಲಿ ನೆಡದಿರುವುದು.
* ಅನುಮಾನವಿದ್ದಲ್ಲಿ ನೆಲದ ಮೇಲೆ ಇಟ್ಟಿಗೆ ಕಟ್ಟೆ ಕಟ್ಟಿ, ನಂಬಲರ್ಹ ಸ್ಥಳದಿಂದ ತಂದ ಕೆಂಪು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ ನೆಡುವುದು. ಬೇರು ಕೆಳಗಿನ ಮಣ್ಣಿಗೆ ಇಳಿಯುವ ಸಂಭವವಿರುವುದರಿಂದ ತೂತುಗಳಿರುವ ದೊಡ್ಡ ಡ್ರಮ್ಮನ್ನು ಕಲ್ಲುಗಳ ಮೇಲಿಟ್ಟು ಬೆಳೆಸುವುದು ಇನ್ನೂ ಸುರಕ್ಷಿತ.
* ಮಳೆನೀರನ್ನು ಆದಷ್ಟು ಬಳಸುವುದು.

ಮಳೆನೀರಿನ ಸಂಗ್ರಹಕ್ಕೆ ಕಾನೂನಿನ ಬೆಂಬಲವೂ ಇದೆ. 2009ರ ತಿದ್ದುಪಡಿಯಿಂದ ಬೆಂಗಳೂರು ಜಲಮಂಡಳಿಯ ವ್ಯಾಪ್ತಿಯಲ್ಲಿ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. ನಗರದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ಈ ಲೆಕ್ಕದಂತೆ 1000 ಚದರ ಅಡಿಯ ತಾರಸಿಯ ಮೇಲೆ ವರ್ಷಕ್ಕೆ ಸುಮಾರು 90,000 ಲೀಟರ್ ನೀರು ಬೀಳುತ್ತದೆ. ಅದರ ಚಿಕ್ಕ ಪಾಲನ್ನು ಹಿಡಿದಿಟ್ಟರೂ ಬೇಸಿಗೆಯಲ್ಲಿ ಗಿಡಕ್ಕೆ ನೆರವಾಗುತ್ತದೆ. ದೀರ್ಘಕಾಲದ ಬಳಿಕ ಬರುವ ಮೊದಲ ಮಳೆಯಲ್ಲಿ ತಾರಸಿಯ ಧೂಳು ಸೇರುವುದರಿಂದ ಆ ನೀರನ್ನು ಹೊರಬಿಡಬೇಕು.

## ಸಸಿ ತಯಾರಿ

ಚೆನ್ನಾಗಿ ಮಾಗಿದ ಹಣ್ಣಿನಿಂದ ಬೀಜ ತೆಗೆದು, ಅದರ ಮೇಲಿನ ಲೋಳೆ ಪೊರೆಯನ್ನು ಬೂದಿ ಅಥವಾ ಮರಳಿನೊಂದಿಗೆ ಉಜ್ಜಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಈ ಪೊರೆ ಮೊಳಕೆಯನ್ನು ತಡೆಯುತ್ತದೆ. ಮರಳು, ಕೆಂಪು ಮಣ್ಣು, ಗೊಬ್ಬರಗಳನ್ನು ಸಮನಾಗಿ ಬೆರೆಸಿ ತುಂಬಿದ ಪಾಲಿಥೀನ್ ಚೀಲಗಳಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಎರಡು–ಮೂರು ಬೀಜ ಬಿತ್ತುತ್ತಾರೆ. ಎರಡರಿಂದ ಮೂರು ವಾರಗಳಲ್ಲಿ ಮೊಳಕೆ ಬರುತ್ತದೆ. 45ರಿಂದ 60 ದಿನಗಳ, 15ರಿಂದ 20 ಸೆಂಟಿಮೀಟರ್ ಎತ್ತರದ ಸಸಿ ನೆಡಲು ಯೋಗ್ಯ. ಪರಂಗಿಯ ಬೇರು ಅಲುಗಾಟವನ್ನು ಸಹಿಸುವುದಿಲ್ಲವಾದ್ದರಿಂದ ಚೀಲದ ಮಣ್ಣು ಒಡೆಯದಂತೆ ನೆಡಬೇಕು.

## ನೆಡುವಿಕೆ

ಜೂನ್–ಜುಲೈ ಅಥವಾ ಸೆಪ್ಟೆಂಬರ್–ಅಕ್ಟೋಬರ್ ನೆಡಲು ಒಳ್ಳೆಯ ಕಾಲ. ಒಂದೂವರೆ ಅಡಿ ಉದ್ದ, ಅಗಲ ಮತ್ತು ಆಳದ ಗುಣಿ ತೆಗೆದು, ಕೆಲವು ದಿನ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿನೊಂದಿಗೆ 10 ಕಿಲೊಗ್ರಾಂ ಕೊಟ್ಟಿಗೆ ಗೊಬ್ಬರ ಮತ್ತು ಅರ್ಧ ಕಿಲೊಗ್ರಾಂ ಬೇವಿನ ಹಿಂಡಿ ಬೆರೆಸಿ ತುಂಬುತ್ತಾರೆ. ಗುಣಿಯಿಂದ ಗುಣಿಗೆ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಂತರವಿರಬೇಕು. ಗಿಡ ಉರುಳುವ ಸಂಭವವಿರುವುದರಿಂದ ವಿದ್ಯುತ್ ತಂತಿ, ನೀರಿನ ತೊಟ್ಟಿ ಮತ್ತು ನೆರೆಮನೆಯ ಗೋಡೆಯಿಂದ ಸಾಕಷ್ಟು ದೂರವಿಡುವುದು ಒಳಿತು. ಗೋಡೆಯ ಅಡಿಪಾಯವನ್ನು ಒಡೆಯುವಷ್ಟು ಬಲವಾದ ಬೇರು ಇದಕ್ಕಿಲ್ಲ.

ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಬೇರು ಕೊಳೆತು ಗಿಡ ಸಾಯಬಹುದು. ಇದನ್ನು ತಡೆಯಲು ಗಿಡದ ಸುತ್ತ ಮಣ್ಣನ್ನು ದಿಬ್ಬದಂತೆ ಏರಿಸಿ, ಅದರಾಚೆ ಬಳೆಯಾಕಾರದ ಪಾತಿ ಮಾಡಿ, ನೀರನ್ನು ಆ ಪಾತಿಗೆ ಮಾತ್ರ ಬಿಡುತ್ತಾರೆ. ನೀರು ಕಾಂಡಕ್ಕೆ ತಾಗಬಾರದು.

ತಾರಸಿಯಲ್ಲಿ ಬೆಳೆಯುವುದಾದರೆ ಕುಳ್ಳ ತಳಿ ಮತ್ತು 100 ಲೀಟರಿನಷ್ಟು ಮಣ್ಣು ಹಿಡಿಯುವ ಡ್ರಮ್ಮು ಬೇಕು. ಒದ್ದೆ ಮಣ್ಣು ತುಂಬಿದ ಅಂತಹ ಡ್ರಮ್ಮು 150 ಕಿಲೊಗ್ರಾಂವರೆಗೆ ತೂಗಬಹುದು. ಆದ್ದರಿಂದ ಅದನ್ನು ತಾರಸಿಯ ನಡುವೆ ಇಡದೆ ತೊಲೆ ಅಥವಾ ಕಂಬದ ಮೇಲೆ ಬರುವಂತೆ ಇಡಬೇಕು.

## ನೀರು ಮತ್ತು ಗೊಬ್ಬರ

ಎಳೆಯ ಸಸಿಗೆ ದಿನಕ್ಕೆ ಒಂದೆರಡು ಲೀಟರ್ ನೀರು ಸಾಕು. ಕಾಯಿ ಬಿಟ್ಟ ಗಿಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ 15ರಿಂದ 20 ಲೀಟರ್ ಬೇಕಾಗುತ್ತದೆ. ಒಣ ಎಲೆ ಅಥವಾ ತೆಂಗಿನ ನಾರಿನ ಹೊದಿಕೆ ಹಾಕಿದರೆ ತೇವ ಉಳಿಯುತ್ತದೆ. ಹೊದಿಕೆ ಕಾಂಡಕ್ಕೆ ತಾಗದಂತಿರಬೇಕು. ತರಕಾರಿ ತೊಳೆದ ನೀರನ್ನು ಹಾಕಬಹುದು. ಬಟ್ಟೆ ತೊಳೆದ ನೀರಿನಲ್ಲಿ ಸೋಡಿಯಂ ಹೆಚ್ಚಿರುವುದರಿಂದ ಅದು ಮಣ್ಣನ್ನು ಕೆಡಿಸುತ್ತದೆ.

ತೋಟಗಳಲ್ಲಿ ಒಂದು ಗಿಡಕ್ಕೆ ವರ್ಷಕ್ಕೆ 250 ಗ್ರಾಂ ಸಾರಜನಕ, 250 ಗ್ರಾಂ ರಂಜಕ ಮತ್ತು 500 ಗ್ರಾಂ ಪೊಟ್ಯಾಷ್ ಕೊಡುವುದು ರೂಢಿಯಲ್ಲಿರುವ ಶಿಫಾರಸು. ಇದನ್ನು ಒಂದೇ ಬಾರಿಗೆ ಕೊಡದೆ ಎರಡು ತಿಂಗಳಿಗೊಮ್ಮೆ ಸಮ ಭಾಗಗಳಲ್ಲಿ ಕೊಡುತ್ತಾರೆ. ಮನೆಯಂಗಳದಲ್ಲಿ ಎರಡು ತಿಂಗಳಿಗೊಮ್ಮೆ ಎರಡು–ಮೂರು ಕಿಲೊಗ್ರಾಂ ಎರೆಹುಳು ಗೊಬ್ಬರ ಅಥವಾ ಅಡುಗೆಮನೆಯ ಕಸದಿಂದ ಮಾಡಿದ ಕಳಿತ ಗೊಬ್ಬರ ಮತ್ತು ಬೇವಿನ ಹಿಂಡಿ ಬಳಸುವವರೂ ಇದ್ದಾರೆ. ಬೋರಾನ್ ಕೊರತೆಯಾದಾಗ ಕಾಯಿ ಗಂಟುಗಂಟಾಗಿ, ಅದರ ಮೈಯಿಂದ ಸೊನೆ ಒಸರುತ್ತದೆ. ಆಗ ಲೀಟರ್ ನೀರಿಗೆ ಒಂದು ಗ್ರಾಂ ಬೋರಿಕ್ ಆಮ್ಲ ಬೆರೆಸಿ ಎಲೆಗಳಿಗೆ ಸಿಂಪಡಿಸುತ್ತಾರೆ.

## ರೋಗಗಳು

### ಉಂಗುರ ಚುಕ್ಕೆ ನಂಜುರೋಗ

ಪರಂಗಿಗೆ ಬರುವ ರೋಗಗಳಲ್ಲಿ ಇದು ಅತ್ಯಂತ ಹಾನಿಕರವಾದದ್ದು. ಎಳೆಯ ಎಲೆಗಳಲ್ಲಿ ಹಳದಿ–ಹಸಿರು ಮಚ್ಚೆ ಮೂಡಿ, ಎಲೆಗಳು ಕಿರಿದಾಗಿ ದಾರದಂತಾಗುತ್ತವೆ. ತೊಟ್ಟು ಮತ್ತು ಕಾಂಡದ ಮೇಲೆ ಎಣ್ಣೆ ಹಚ್ಚಿದಂತಹ ಕಡುಹಸಿರು ಗೀರುಗಳೂ ಕಾಯಿಯ ಮೇಲೆ ಉಂಗುರದಂತಹ ಗುರುತುಗಳೂ ಕಾಣುತ್ತವೆ. ಈ ನಂಜನ್ನು ಸಸ್ಯಹೇನುಗಳು ಹರಡುತ್ತವೆ. ಹೇನು ಎಲೆಯನ್ನು ಚುಚ್ಚಿದ ಕೆಲವೇ ಕ್ಷಣಗಳಲ್ಲಿ ನಂಜು ದಾಟುವುದರಿಂದ ಕೀಟನಾಶಕದಿಂದ ರೋಗವನ್ನು ಪೂರ್ತಿ ತಡೆಯಲಾಗುವುದಿಲ್ಲ. ರೋಗ ಬಂದ ಗಿಡವನ್ನು ಗುಣಪಡಿಸುವ ಔಷಧವೂ ಇಲ್ಲ.

ರೋಗದ ಗುರುತು ಖಚಿತವಾದ ಕೂಡಲೇ ಗಿಡವನ್ನು ತೆಗೆದುಹಾಕುವುದು ಉಳಿದ ಗಿಡಗಳನ್ನು ಉಳಿಸುವ ದಾರಿ. ಒತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ಒಂದು ಅಂಗಳದ ರೋಗಪೀಡಿತ ಗಿಡ ಇಡೀ ಬೀದಿಯ ಗಿಡಗಳಿಗೆ ರೋಗದ ಮೂಲವಾಗುತ್ತದೆ. ನಾಲ್ಕು ಕಾಯಿಯ ಆಸೆಗೆ ಅದನ್ನು ಉಳಿಸಿಕೊಂಡರೆ ನೆರೆಯವರಿಗೂ ನಷ್ಟ. ನಂಜು ಬೀಜದಿಂದ ಹರಡುವುದಿಲ್ಲವಾದ್ದರಿಂದ ಆರೋಗ್ಯಕರ ಸಸಿಯನ್ನು ಮತ್ತೆ ನೆಡಬಹುದು. ಸಸಿ ಹಂತದಲ್ಲಿ ಸೊಳ್ಳೆ ಪರದೆಯಂತಹ ಬಲೆ ಹೊದಿಸುವುದು, ಗಿಡದ ಸುತ್ತ ಮುಸುಕಿನ ಜೋಳ ಬೆಳೆಸುವುದು ಮತ್ತು ಸಮೀಪದಲ್ಲಿ ಸೌತೆ, ಕುಂಬಳ ಜಾತಿಯ ಬಳ್ಳಿಗಳನ್ನು ಬೆಳೆಸದಿರುವುದು ತಡೆಯ ಕ್ರಮಗಳು.

ಅಮೆರಿಕದ ಹವಾಯಿ ದ್ವೀಪಗಳಲ್ಲಿ ಇದೇ ರೋಗ 1990ರ ದಶಕದಲ್ಲಿ ಪರಂಗಿ ತೋಟಗಳನ್ನು ನಾಶದ ಅಂಚಿಗೆ ತಂದಿತು. ಅಲ್ಲಿ ಕುಲಾಂತರಿ ತಂತ್ರದಿಂದ ರೂಪಿಸಿದ ಸನ್‌ಅಪ್ ಮತ್ತು ರೇನ್‌ಬೋ ಎಂಬ ನಿರೋಧಕ ತಳಿಗಳನ್ನು 1998ರಲ್ಲಿ ಬಿಡುಗಡೆ ಮಾಡಲಾಯಿತು. ಭಾರತದಲ್ಲಿ ಕುಲಾಂತರಿ ಪರಂಗಿಯ ಬೇಸಾಯವಿಲ್ಲ.

### ಬುಡಕೊಳೆ ರೋಗ

ನೀರು ನಿಂತ ಮಣ್ಣಿನಲ್ಲಿ ಶಿಲೀಂಧ್ರಗಳು ಕಾಂಡದ ಬುಡಕ್ಕೆ ತಗುಲಿ, ಅಲ್ಲಿ ತೊಗಟೆ ಮೆತ್ತಗಾಗಿ ಕೊಳೆಯುತ್ತದೆ. ಎಲೆಗಳು ಜೋತು ಗಿಡ ಕುಸಿಯುತ್ತದೆ. ನೀರು ಬಸಿಯುವಂತೆ ಮಾಡುವುದೇ ಮುಖ್ಯ ಪರಿಹಾರ. ಆರಂಭದಲ್ಲಿಯೇ ಗುರುತಿಸಿದರೆ ಕೊಳೆತ ಭಾಗವನ್ನು ಕೆರೆದು ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು ಬುಡಕ್ಕೆ ಹಾಕುತ್ತಾರೆ.

## ಕೀಟಗಳು

2008ರಲ್ಲಿ ತಮಿಳುನಾಡಿನ ಕೊಯಮತ್ತೂರಿನಲ್ಲಿ ಮೊದಲು ಕಂಡುಬಂದ ಪರಂಗಿ ಹಿಟ್ಟು ತಿಗಣೆ ಮುಂದೆ ಕರ್ನಾಟಕಕ್ಕೂ ಹಬ್ಬಿತು. ಬಿಳಿ ಹತ್ತಿಯಂತಹ ಪದಾರ್ಥದಿಂದ ಮುಚ್ಚಿದ ಈ ಕೀಟ ಎಲೆ, ಕಾಯಿಗಳ ರಸ ಹೀರುತ್ತದೆ. ಅದು ಸ್ರವಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಕೀಟನಾಶಕಗಳಿಗೆ ಇದು ಸುಲಭವಾಗಿ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೇಂದ್ರ ಸಂಸ್ಥೆಯೊಂದು (ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ) ಪೋರ್ಟೊರಿಕೊದಿಂದ ಪರಾವಲಂಬಿ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಬೆಳೆಸಿ ಹೊಲಗಳಿಗೆ ಬಿಡುಗಡೆ ಮಾಡಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬ ಅತಿ ಸಣ್ಣ ಕಣಜ ತಿಗಣೆಯನ್ನು ಬಹುಮಟ್ಟಿಗೆ ಹತೋಟಿಗೆ ತಂದಿತು. ಇದು ಭಾರತದಲ್ಲಿ ಜೈವಿಕ ಕೀಟ ನಿಯಂತ್ರಣದ ಯಶಸ್ವಿ ಉದಾಹರಣೆಗಳಲ್ಲೊಂದು. ತೀಕ್ಷ್ಣ ಕೀಟನಾಶಕ ಸಿಂಪಡಿಸಿದರೆ ಈ ಕಣಜಗಳೂ ಸಾಯುತ್ತವೆ. ತಿಗಣೆ ಕಡಿಮೆಯಿದ್ದಾಗ ನೀರಿನ ರಭಸದಿಂದ ತೊಳೆಯುವುದು ಅಥವಾ ಸಾಬೂನು ಬೆರೆಸಿದ ಬೇವಿನೆಣ್ಣೆ ಸಿಂಪಡಿಸುವುದು ಸಾಕು. ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂ ಕಳೆಯೂ ದಾಸವಾಳದ ಗಿಡವೂ ಇದೇ ತಿಗಣೆಗೆ ಆಶ್ರಯ ನೀಡುತ್ತವೆ.

ಬೇಸಿಗೆಯಲ್ಲಿ ಕೆಂಪು ನುಸಿ ಎಲೆಯ ಅಡಿಭಾಗದಲ್ಲಿ ಕಾಣಿಸಿಕೊಂಡು ಎಲೆಗಳನ್ನು ಹಳದಿಯಾಗಿಸುತ್ತದೆ. ಬಿಳಿ ನೊಣಗಳು ಎಲೆ ಮುರುಟು ನಂಜುರೋಗವನ್ನು ಹರಡುತ್ತವೆ.

## ಕೊಯ್ಲು

ಹೂವು ಕಾಯಾಗಿ ಬಲಿಯಲು ಸುಮಾರು ಐದು ತಿಂಗಳು ಬೇಕು. ಕಾಯಿಯ ತುದಿಯಲ್ಲಿ ಹಳದಿ ಗೀರು ಮೂಡಿದಾಗ ಮತ್ತು ಗೀರಿದಾಗ ಬರುವ ಸೊನೆ ಹಾಲಿನಂತಿರದೆ ನೀರಿನಂತೆ ತೆಳುವಾದಾಗ ಅದು ಕೊಯ್ಲಿಗೆ ಸಿದ್ಧವೆಂದು ತಿಳಿಯಲಾಗುತ್ತದೆ. ಪೂರ್ತಿ ಹಣ್ಣಾಗುವವರೆಗೆ ಬಿಟ್ಟರೆ ಅಳಿಲು ಮತ್ತು ಹಕ್ಕಿಗಳ ಪಾಲಾಗುತ್ತದೆ. ಕಾಯಿಯನ್ನು ಕೆಳಗೆ ಬೀಳಿಸದೆ ತಿರುಚಿ ಕಿತ್ತು ಕಾಗದದಲ್ಲಿ ಸುತ್ತಿಟ್ಟರೆ ಮೂರು–ನಾಲ್ಕು ದಿನಗಳಲ್ಲಿ ಹಣ್ಣಾಗುತ್ತದೆ. ಎರಡೂವರೆಯಿಂದ ಮೂರು ವರ್ಷಗಳ ಬಳಿಕ ಗಿಡ ಎತ್ತರವಾಗಿ ಫಸಲು ಕುಗ್ಗುವುದರಿಂದ ಹೊಸ ಗಿಡ ನೆಡುವುದು ವಾಡಿಕೆ.

## ಉಪಯೋಗಗಳು

100 ಗ್ರಾಂ ಹಣ್ಣಿನಲ್ಲಿ ಸುಮಾರು 88 ಗ್ರಾಂ ನೀರು ಮತ್ತು 60 ಮಿಲಿಗ್ರಾಂ ಸಿ ಜೀವಸತ್ತ್ವ ಇದೆ. ಎ ಜೀವಸತ್ತ್ವದ ಮೂಲವಾದ ಕ್ಯಾರೊಟೀನ್ ಅಂಶವೂ ಉಂಟು. ಹಸಿ ಕಾಯಿಯಿಂದ ಪಲ್ಯ, ಹುಳಿ, ಹಲ್ವ ಮಾಡುತ್ತಾರೆ. ಮಾಂಸ ಬೇಗ ಬೇಯಲೆಂದು ಕಾಯಿಯ ಚೂರನ್ನು ಸೇರಿಸುವುದು ಪಪೇನ್ ಕಿಣ್ವದ ಗುಣವನ್ನು ಆಧರಿಸಿದೆ. ಬೇಕರಿಗಳಲ್ಲಿ ಬಳಸುವ ಬಣ್ಣಬಣ್ಣದ ಟೂಟಿ ಫ್ರೂಟಿ ಸಕ್ಕರೆ ಪಾಕದಲ್ಲಿ ಹಾಕಿದ ಪರಂಗಿ ಕಾಯಿಯ ತುಂಡುಗಳೇ ಆಗಿವೆ. ಒಣಗಿದ ಬೀಜ ಕರಿಮೆಣಸನ್ನು ಹೋಲುವುದರಿಂದ ಅದನ್ನು ಮೆಣಸಿಗೆ ಕಲಬೆರಕೆ ಮಾಡುವುದೂ ಉಂಟು.

## ಎಚ್ಚರಿಕೆಗಳು

ಹಸಿ ಕಾಯಿಯ ಸೊನೆ ಗರ್ಭಕೋಶದ ಸಂಕುಚನವನ್ನು ಪ್ರಚೋದಿಸಬಹುದಾದ್ದರಿಂದ ಗರ್ಭಿಣಿಯರು ಹಸಿ ಮತ್ತು ಅರೆಮಾಗಿದ ಕಾಯಿಯನ್ನು ತಿನ್ನಬಾರದೆಂದು ಸಲಹೆ ಮಾಡಲಾಗುತ್ತದೆ. ಸೊನೆ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ರಬ್ಬರಿನ ಒಗ್ಗದಿಕೆ ಇರುವವರಿಗೆ ಪರಂಗಿಯೂ ಒಗ್ಗದಿರಬಹುದು.

ಡೆಂಗಿ ಜ್ವರ ಹರಡುವ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಪರಂಗಿ ಎಲೆಯ ರಸಕ್ಕೆ ಬೇಡಿಕೆ ಹೆಚ್ಚುತ್ತದೆ. ಎಲೆಯ ಸಾರ ರಕ್ತದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಹೆಚ್ಚಿಸಬಹುದೆಂದು ಕೆಲವು ಅಧ್ಯಯನಗಳು ಸೂಚಿಸಿವೆ. ಆದರೆ ಅದು ಡೆಂಗಿಯ ಚಿಕಿತ್ಸೆಗೆ ಬದಲಿಯಲ್ಲ. ವೈದ್ಯರ ಆರೈಕೆ ಮತ್ತು ದೇಹದ ದ್ರವಾಂಶದ ನಿರ್ವಹಣೆಯೇ ಮುಖ್ಯ. ಭಾರಲೋಹಗಳು ಹಣ್ಣಿಗಿಂತ ಎಲೆಯಲ್ಲಿ ಹೆಚ್ಚಾಗಿ ಸೇರುವುದರಿಂದ, ಪೀಣ್ಯದಂತಹ ಪ್ರದೇಶದಲ್ಲಿ ಪರೀಕ್ಷಿಸದ ನೀರುಂಡು ಬೆಳೆದ ಗಿಡದ ಎಲೆಯ ರಸವನ್ನು ಕುಡಿಯುವುದು ವಿಶೇಷವಾಗಿ ಅಪೇಕ್ಷಣೀಯವಲ್ಲ. ಎಲೆಗಳನ್ನು ಪದೇ ಪದೇ ಕಿತ್ತರೆ ಕಾಯಿಗಳಿಗೆ ಆಹಾರ ಸಾಲದೆ ಫಸಲೂ ಕುಗ್ಗುತ್ತದೆ.